ನಿಕಾಹ್‌ನಾಮೆ: ಬರೆದಿಟ್ಟ ಮಾತಿನ ಬೆಲೆ

ನಿಕಾಹ್ ಒಂದು ಕರಾರು. ವಧು-ವರರ ಸಮ್ಮತಿ, ಸಾಕ್ಷಿಗಳು ಮತ್ತು ಮಹರ್ ಅದರ ಆಧಾರ. ಧರ್ಮಕ್ಕೆ ವಿರುದ್ಧವಲ್ಲದ ಷರತ್ತುಗಳನ್ನು ಅದರಲ್ಲಿ ಸೇರಿಸಲು ಅವಕಾಶವಿದೆ. ಆದರೆ ಸಖರಾಯಪಟ್ಟಣದಂತಹ ನಮ್ಮ ಊರುಗಳಲ್ಲಿ ಮಾತುಕತೆ ಮಹರಿನ ಮೊತ್ತಕ್ಕೇ ಮುಗಿದುಬಿಡುವುದುಂಟು.

ಇತಿಹಾಸದ ಪಾಠ ಬೇರೆಯೇ ಇದೆ. 1877ರಲ್ಲಿ ಉತ್ತರ ಭಾರತದ ಹುಸೈನಿ ಬೇಗಂ ಅವರ ಮದುವೆಗೆ ಮುನ್ನ ವರನ ತಂದೆ ‘ಖರ್ಚ್-ಎ-ಪಾಂದಾನ್’, ಅಂದರೆ ವೀಳ್ಯದ ಖರ್ಚಿಗಾಗಿ ಸೊಸೆಗೆ ತಿಂಗಳಿಗೆ 500 ರೂಪಾಯಿ ಕೊಡುವುದಾಗಿ ಬರೆದುಕೊಟ್ಟಿದ್ದರು. ಮುಂದೆ ಮನಸ್ತಾಪವಾಗಿ ಆಕೆ ಗಂಡನ ಮನೆ ಬಿಟ್ಟು, ಬಾಕಿ ಹಣಕ್ಕೆ ದಾವೆ ಹೂಡಿದರು. ‘ಕರಾರಿನಲ್ಲಿ ಆಕೆ ಪಕ್ಷಗಾರಳಲ್ಲ’ ಎಂಬ ಮಾವನ ವಾದವನ್ನು 1910ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಒಪ್ಪಲಿಲ್ಲ. ಬರೆದ ಮಾತು ಗೆದ್ದಿತು.

ನಮ್ಮ ರಾಜ್ಯದ್ದೇ ಇನ್ನೊಂದು ಪ್ರಕರಣ ನೋಡಿ. ಬೆಂಗಳೂರಿನಲ್ಲಿ 5,000 ರೂಪಾಯಿ ಮಹರಿನ ಮದುವೆಯೊಂದು 1991ರಲ್ಲಿ ತಲಾಖ್‌ನಲ್ಲಿ ಕೊನೆಗೊಂಡಿತು. ಜೀವನಾಂಶಕ್ಕಾಗಿ ಆ ಮಹಿಳೆ 2002ರಲ್ಲಿ ದಾವೆ ಹೂಡಿದರು. ಮುಸ್ಲಿಂ ವಿವಾಹ ಕರಾರೇ ಆದರೂ ಅದು ಮುರಿದ ಮಾತ್ರಕ್ಕೆ ಹೊಣೆಗಳೆಲ್ಲ ಮುಗಿಯುವುದಿಲ್ಲವೆಂದು ಹೈಕೋರ್ಟ್ ಹೇಳಿದ್ದು 2021ರಲ್ಲಿ. ನಡುವೆ 19 ವರ್ಷಗಳು ಕಳೆದಿದ್ದವು.

2005ರಲ್ಲಿ ಮುಸ್ಲಿಂ ಪರ್ಸನಲ್ ಲಾ ಬೋರ್ಡ್ ಭೋಪಾಲದಲ್ಲಿ ಮಾದರಿ ನಿಕಾಹ್‌ನಾಮೆಯನ್ನು ಅಂಗೀಕರಿಸಿತು. ಬರಹದ ಅಗತ್ಯವನ್ನು ಹಿರಿಯರೂ ಮನಗಂಡಿದ್ದರು.

ಆದ್ದರಿಂದ ವಿದ್ಯಾರ್ಥಿ ಮಿತ್ರರೇ, ಮಹರ್ ಯಾವಾಗ ಸಲ್ಲಬೇಕು, ಹುಡುಗಿಯ ಓದು ಮತ್ತು ನೌಕರಿ ಮುಂದುವರಿಯುವುದೇ, ಖರ್ಚು ಯಾರದು, ತಲಾಖ್‌ನ ಅಧಿಕಾರವನ್ನು ಪತ್ನಿಗೂ ವಹಿಸುವ ತಫ್ವೀಜ್ ಬೇಕೇ ಎಂಬುದನ್ನು ನಿಕಾಹ್‌ಗೆ ಮೊದಲೇ ಮಾತಾಡಿ ಬರೆಸಿರಿ. ಇದು ಅಪನಂಬಿಕೆಯಲ್ಲ. ಕೊಟ್ಟ ಮಾತಿಗೆ ಕೊಡುವ ಮರ್ಯಾದೆ.