ದಾರಿ ತೋರುವ ಪರಮಾಣು: ಜಿಪಿಎಸ್ ಇಲ್ಲದಾಗ ಆಸರೆ ಏನು?

ಸಮುದ್ರದಾಳಕ್ಕಿಳಿದ ಜಲಾಂತರ್ಗಾಮಿಗೆ ಜಿಪಿಎಸ್ ಸಂಕೇತ ತಲುಪುವುದಿಲ್ಲ. ಬಾಲ್ಟಿಕ್ ಸಮುದ್ರದ ಮೇಲೆ ಹಾರುವ ವಿಮಾನಗಳಿಗೆ 2022ರ ನಂತರ ಈ ಸಂಕೇತ ಪದೇ ಪದೇ ಕೈಕೊಟ್ಟಿದೆ. ಹೊರಗಿನ ನೆರವಿಲ್ಲದೆ ತನ್ನ ನೆಲೆಯನ್ನು ತಾನೇ ಅರಿಯಲು ವಿಜ್ಞಾನಿಗಳು ರೂಪಿಸುತ್ತಿರುವ ಸಾಧನಗಳಲ್ಲಿ ಪರಮಾಣು ವ್ಯತಿಕರಣಮಾಪಕ, ಅಂದರೆ ಆಟಂ ಇಂಟರ್‌ಫೆರೋಮೀಟರ್, ಮುಖ್ಯವಾದುದು.

ಸಮಸ್ಯೆ ಏನು?

ವೇಗೋತ್ಕರ್ಷವನ್ನು ಅಳೆದು, ಅದರಿಂದ ವೇಗವನ್ನೂ ಕ್ರಮಿಸಿದ ದೂರವನ್ನೂ ಲೆಕ್ಕ ಹಾಕುವ ಉಪಕರಣಗಳು ನೌಕೆ, ವಿಮಾನಗಳಲ್ಲಿ ಈಗಾಗಲೇ ಇವೆ. ಆದರೆ ಅಳತೆಯ ಅತ್ಯಲ್ಪ ದೋಷವೂ ಬೆಳೆಯುತ್ತ ಹೋಗುತ್ತದೆ. ಸರಳ ಲೆಕ್ಕದಲ್ಲಿ, ಕಾಲ ಇಮ್ಮಡಿಯಾದರೆ ದೂರದ ತಪ್ಪು ನಾಲ್ಮಡಿಯಾಗುತ್ತದೆ.

ಕಾರ್ಯವಿಧಾನ

ದ್ರವ್ಯಕಣಗಳಿಗೂ ತರಂಗ ಗುಣವಿದೆ ಎಂದು 1924ರಲ್ಲಿ ಫ್ರಾನ್ಸಿನ ಲೂಯಿ ಡಿ ಬ್ರಾಗ್ಲಿ ಪ್ರತಿಪಾದಿಸಿದರು. ಈ ಸಾಧನದ ತಳಹದಿ ಅದೇ. ನಿರ್ವಾತ ಕೋಶದಲ್ಲಿ ರುಬಿಡಿಯಂನಂಥ ಧಾತುವಿನ ಪರಮಾಣುಗಳನ್ನು ಲೇಸರ್ ಬೆಳಕಿನಿಂದ ನಿರಪೇಕ್ಷ ಶೂನ್ಯದ ಸನಿಹಕ್ಕೆ ತಂಪಾಗಿಸಿ ಬೀಳಬಿಡಲಾಗುತ್ತದೆ. ಬೀಳುವ ಹಾದಿಯಲ್ಲಿ ಅವುಗಳಿಗೆ ಮೂರು ಲೇಸರ್ ಮಿಡಿತಗಳು ತಾಗುತ್ತವೆ. ಮೊದಲನೆಯದು ಪರಮಾಣುವಿನ ತರಂಗವನ್ನು ಎರಡು ಹಾದಿಗಳಾಗಿ ಒಡೆಯುತ್ತದೆ. ಎರಡನೆಯದು ಕನ್ನಡಿಯಂತೆ ಅವುಗಳನ್ನು ಪರಸ್ಪರ ತಿರುಗಿಸುತ್ತದೆ. ಮೂರನೆಯದು ಮತ್ತೆ ಕೂಡಿಸುತ್ತದೆ. ಕೂಡಿದ ತರಂಗಗಳ ಏರಿಳಿತದ ವ್ಯತ್ಯಾಸದಿಂದ ವೇಗೋತ್ಕರ್ಷ ತಿಳಿಯುತ್ತದೆ.

ಮಿಡಿತಗಳ ನಡುವಿನ ಅವಧಿ ಇಮ್ಮಡಿಯಾದರೆ ಸೂಕ್ಷ್ಮತೆ ನಾಲ್ಮಡಿಯಾಗುತ್ತದೆ. ಹಳೆಯ ಉಪಕರಣದಲ್ಲಿ ತಪ್ಪನ್ನು ಹಿಗ್ಗಿಸುವ ಕಾಲವೇ ಇಲ್ಲಿ ನೆರವಿಗೆ ಬರುತ್ತದೆ. ಅಲ್ಲದೆ ಸ್ಪ್ರಿಂಗು ಸಡಿಲಗೊಳ್ಳಬಹುದು, ಪರಮಾಣು ಸವೆಯುವುದಿಲ್ಲ. ಒಂದೇ ಬಗೆಯ ಪರಮಾಣುಗಳೆಲ್ಲವೂ ಎಲ್ಲೆಡೆ ಒಂದೇ.

ಈ ಮಿಡಿತಗಳು ಉಂಟುಮಾಡುವ ಬದಲಾವಣೆಗೆ ‘ರಾಮನ್ ಸ್ಥಿತ್ಯಂತರ’ ಎಂದು ಹೆಸರು. ಸರ್ ಸಿ.ವಿ. ರಾಮನ್ ತಮ್ಮ ಶೋಧವನ್ನು 1928ರ ಮಾರ್ಚ್ 16ರಂದು ವಿವರಿಸಿದ್ದು ಬೆಂಗಳೂರಿನ ಉಪನ್ಯಾಸವೊಂದರಲ್ಲಿ.

ಮೈಲಿಗಲ್ಲುಗಳು

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಕಸೆವಿಚ್ ಮತ್ತು ಸ್ಟೀವನ್ ಚು 1991ರಲ್ಲಿ ಈ ವಿಧಾನವನ್ನು ತೋರಿಸಿದರು. 1999ರಲ್ಲಿ ಚು ಅವರ ತಂಡ ಗುರುತ್ವ ವೇಗೋತ್ಕರ್ಷವನ್ನು ಅಳೆದಾಗ ಅನಿಶ್ಚಿತತೆ ನೂರು ಕೋಟಿಯಲ್ಲಿ ಸುಮಾರು 3 ಭಾಗ ಮಾತ್ರ. 2018ರಲ್ಲಿ ಫ್ರಾನ್ಸಿನ ಸಂಶೋಧಕರು ಚಲಿಸುವ ಹಡಗಿನಲ್ಲಿ ಗುರುತ್ವವನ್ನು ಅಳೆದ ವರದಿ ಪ್ರಕಟಿಸಿದರು. 2022ರಲ್ಲಿ ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ತಂಡ ನೆಲದಡಿಯ ಸುರಂಗವೊಂದನ್ನು ಇದೇ ತತ್ತ್ವದಿಂದ ಪತ್ತೆ ಹಚ್ಚಿದ್ದನ್ನು ತಿಳಿಸಿತು.

ಉಳಿದ ತೊಡಕುಗಳು

ಪ್ರತಿ ಅಳತೆಗೂ ಮುನ್ನ ಪರಮಾಣುಗಳನ್ನು ಹೊಸದಾಗಿ ತಂಪಾಗಿಸಬೇಕು. ಆ ಬಿಡುವಿನಲ್ಲಿ ವಾಹನ ತಿರುಗಿದರೆ ಸಾಧನ ಅದನ್ನು ಕಾಣದು. ಕಂಪನವೂ ಶತ್ರು. ಆದ್ದರಿಂದ ಹಳೆಯ ಉಪಕರಣ ನಿರಂತರವಾಗಿ ಅಳೆಯಲಿ, ಪರಮಾಣು ಆಗಾಗ ಅದರ ತಪ್ಪನ್ನು ತಿದ್ದಲಿ ಎಂಬ ಜೋಡಿ ವ್ಯವಸ್ಥೆಯತ್ತ ಸಂಶೋಧಕರು ಒಲಿದಿದ್ದಾರೆ. ಗುರುತ್ವ ಮತ್ತು ವಾಹನದ ವೇಗೋತ್ಕರ್ಷಗಳನ್ನು ಸಾಧನ ತಾನಾಗಿ ಬೇರ್ಪಡಿಸಲಾರದು. ಅದಕ್ಕೆ ನಿಖರ ಗುರುತ್ವ ನಕ್ಷೆಯೂ ಬೇಕು.

ಭಾರತದಲ್ಲಿ 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ 6,003.65 ಕೋಟಿ ರೂ.ಗಳ ರಾಷ್ಟ್ರೀಯ ಕ್ವಾಂಟಂ ಮಿಷನ್‌ನಲ್ಲಿ ಇಂಥ ಸೂಕ್ಷ್ಮ ಮಾಪನಕ್ಕೂ ಸ್ಥಾನವಿದೆ. ಅದರ ಕೇಂದ್ರವನ್ನು ಮುಂಬಯಿಯ ಐಐಟಿಗೆ ವಹಿಸಲಾಗಿದೆ.