ಮೋಡದ ಮೇಲಿನ ಟಾಕೀಸು

ಕನ್ನಡದಲ್ಲಿ ನಾವು ಮನರಂಜನೆ ಎನ್ನುವುದನ್ನು ಉರ್ದು ಮಾತಿನ ಮನೆಗಳಲ್ಲಿ 'ದಿಲ್ ಬಹಲಾನಾ' ಎನ್ನುತ್ತಾರೆ. ಎರಡೂ ಒಂದೇ ಅಲ್ಲ. ಮನರಂಜನೆಯಲ್ಲಿ ಮನಸ್ಸಿಗೆ ಬಣ್ಣ ಬರುತ್ತದೆ. ದಿಲ್ ಬಹಲಾನಾ ಎಂದರೆ ಹಟ ಹಿಡಿದು ಅಳುವ ಮಗುವಿಗೆ ಕಿಟಕಿಯಾಚೆಯ ಕಾಗೆಯನ್ನು ತೋರಿಸುವುದು. ಅದು ಯಾವುದಕ್ಕಾಗಿ ಅಳುತ್ತಿತ್ತೋ ಅದನ್ನು ಕೊಡದೆ, ಅದರ ಮನಸ್ಸನ್ನು ಬೇರೆ ಕಡೆಗೆ ತಿರುಗಿಸುವುದು. ವಿಮಾನದ ಸೀಟಿನ ಬೆನ್ನಿಗೆ ಅಂಟಿಕೊಂಡಿರುವ ಪುಟ್ಟ ಪರದೆಯ ಚರಿತ್ರೆಯನ್ನು ಓದುತ್ತ ಹೋದರೆ ಅದಕ್ಕೆ ಈ ಎರಡನೆಯ ಮಾತೇ ಹೆಚ್ಚು ಒಪ್ಪುತ್ತದೆ ಎನಿಸುತ್ತದೆ. ಭಯ, ಬೇಸರ, ಬಿಟ್ಟು ಬಂದವರ ನೆನಪು ಇವನ್ನೆಲ್ಲ ಕೆಲವು ಗಂಟೆಗಳ ಮಟ್ಟಿಗೆ ಮರೆಸಲು ನೂರು ವರ್ಷಗಳಿಂದ ನಡೆದ ಉಪಾಯಗಳ ಕಥೆ ಅದು. ಯಾರ ಬೇಸರಕ್ಕೆ ಎಷ್ಟು ಬೆಲೆ ಎಂಬ ಕಥೆಯೂ ಹೌದು.

ವಿಮಾನದಲ್ಲಿ ಮೊದಲು ಸಿನಿಮಾ ತೋರಿಸಿದ್ದು 1921ರಲ್ಲಿ, ಅಮೆರಿಕದ ಶಿಕಾಗೊ ನಗರದ ಮೇಲೆ. ಏರೋಮರೀನ್ ಎಂಬ ಕಂಪನಿಯ ವಿಮಾನ ನಗರದ ಮೇಲೆ ಸುತ್ತುತ್ತಿದ್ದಾಗ ಒಳಗೆ ಕೂತವರಿಗೆ ಅದೇ ನಗರವನ್ನು ಕೊಂಡಾಡುವ 'ಹೌಡಿ ಶಿಕಾಗೊ' ಎಂಬ ಪ್ರಚಾರಚಿತ್ರವನ್ನು ತೋರಿಸಿದರು. ಕೆಳಗೆ ನಿಜವಾದ ಊರು, ಎದುರಿಗೆ ಪರದೆಯ ಮೇಲೆ ಅದೇ ಊರು! ಕಿಟಕಿಯಿಂದ ಇಣುಕಿದ್ದರೆ ಸಾಕಿತ್ತಲ್ಲ ಎಂದು ನಮಗನಿಸಬಹುದು. ನಾಲ್ಕು ವರ್ಷಗಳ ನಂತರ, 1925ರ ಏಪ್ರಿಲ್‌ನಲ್ಲಿ, ಬ್ರಿಟನ್ನಿನ ಇಂಪೀರಿಯಲ್ ಏರ್‌ವೇಸ್ ಲಂಡನ್ನಿನಿಂದ ಹೊರಟ ವಿಮಾನವೊಂದರಲ್ಲಿ 'ದಿ ಲಾಸ್ಟ್ ವರ್ಲ್ಡ್' ಚಿತ್ರವನ್ನು ತೋರಿಸಿತು. ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಕಾನನ್ ಡಾಯ್ಲ್‌ನ ಕಾದಂಬರಿಯನ್ನು ಆಧರಿಸಿದ ಮೂಕಿ ಚಿತ್ರ ಅದು. ಮೂಕಿಯಾದದ್ದೇ ಒಳ್ಳೆಯದಾಯಿತು. ಯುದ್ಧದ ಬಾಂಬರನ್ನು ಮಾರ್ಪಡಿಸಿ ಮಾಡಿದ ಆ ವಿಮಾನದ ಎಂಜಿನ್ ಸದ್ದಿನಲ್ಲಿ ಯಾವ ಮಾತು ಕೇಳಿಸುತ್ತಿತ್ತು? ಆ ಕಾಲದ ಫಿಲ್ಮು ನೈಟ್ರೇಟಿನದು, ಕಿಡಿ ತಾಗಿದರೆ ಭಗ್ಗನೆ ಹತ್ತಿಕೊಳ್ಳುವಂಥದ್ದು. ವಿಮಾನವೋ ಮರ ಮತ್ತು ಬಟ್ಟೆಯದು. ಈ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಇವೆರಡೂ ಒಂದು ದಿನದ ತಮಾಷೆಗಳು. ನಂತರದ ಮೂವತ್ತೈದು ವರ್ಷ ವಿಮಾನದಲ್ಲಿ ಮನರಂಜನೆ ಎಂದರೆ ಊಟ, ಪತ್ರಿಕೆ ಮತ್ತು ಇಸ್ಪೀಟು. ಜರ್ಮನಿಯ ಹಿಂಡನ್‌ಬರ್ಗ್ ವಾಯುನೌಕೆಯಲ್ಲಿ 1936ರಲ್ಲಿ ಅಲ್ಯೂಮಿನಿಯಂನಿಂದ ಮಾಡಿದ ಹಗುರವಾದ ಪಿಯಾನೊ ಒಂದಿತ್ತು. ಆದರೆ ಅದು ಶ್ರೀಮಂತರ ತೇಲುವ ಹೋಟೆಲು. ಸಾಮಾನ್ಯ ವಿಮಾನಗಳಲ್ಲಿ ಅಮೆರಿಕದ ಕಂಪನಿಗಳು ಪ್ರಯಾಣಿಕರಿಗೆ ಕಿವಿಗೆ ತುರುಕಿಕೊಳ್ಳಲು ಹತ್ತಿ ಕೊಡುತ್ತಿದ್ದವು. ಕ್ಷೇಮವಾಗಿ ಇಳಿದರೆ ಸಾಕು ಎಂಬುದಕ್ಕಿಂತ ಹೆಚ್ಚಿನ ನಿರೀಕ್ಷೆ ಆಗ ಯಾರಿಗೂ ಇರಲಿಲ್ಲ.

ನಿರೀಕ್ಷೆ ಬದಲಾದದ್ದು ಜೆಟ್ ವಿಮಾನ ಬಂದ ಮೇಲೆ. 1958ರ ಹೊತ್ತಿಗೆ ಬೋಯಿಂಗ್ 707 ಹಾರತೊಡಗಿತು. ಅಲುಗಾಟ ಕಡಿಮೆಯಾಯಿತು, ಸದ್ದು ಇಳಿಯಿತು, ವಿಮಾನ ಮೋಡಗಳ ಮೇಲಕ್ಕೆ ಏರಿತು. ಕಿಟಕಿಯಾಚೆ ಕಾಣಲು ಏನೂ ಉಳಿಯಲಿಲ್ಲ. ಹೆದರಿಕೆ ಹೋದ ಜಾಗಕ್ಕೆ ಬೇಸರ ಬಂದು ಕೂತಿತು. ಇದನ್ನು ಮೊದಲು ಕಂಡುಕೊಂಡವನು ವಿಮಾನದವನಲ್ಲ, ಟಾಕೀಸಿನವನು. ಅಮೆರಿಕದಲ್ಲಿ ಚಿತ್ರಮಂದಿರಗಳನ್ನು ನಡೆಸುತ್ತಿದ್ದ ಡೇವಿಡ್ ಫ್ಲೆಕ್ಸರ್. ವಿಮಾನಯಾನದಷ್ಟು ಮುಂದುವರಿದ ಪ್ರಯಾಣವೂ ಇಲ್ಲ, ಅದರಷ್ಟು ಬೇಸರದ್ದೂ ಇಲ್ಲ ಎಂಬುದು ಅವನ ತಕರಾರು. ದೊಡ್ಡ ಒಂದೇ ಸುರುಳಿಯಲ್ಲಿ ಇಡೀ ಚಿತ್ರವನ್ನು ಸುತ್ತಿ, ಅಡ್ಡಲಾಗಿ ಮಲಗಿಸಿ ಓಡಿಸುವ 16 ಮಿಲಿಮೀಟರ್ ಯಂತ್ರವನ್ನು ಅವನು ಸಿದ್ಧಪಡಿಸಿದ. 1961ರ ಜುಲೈ 19ರಂದು ಟಿಡಬ್ಲ್ಯುಎ ಕಂಪನಿಯ ನ್ಯೂಯಾರ್ಕ್–ಲಾಸ್ ಏಂಜಲೀಸ್ ವಿಮಾನದಲ್ಲಿ, ಲಾನಾ ಟರ್ನರ್ ನಟಿಸಿದ 'ಬೈ ಲವ್ ಪೊಸೆಸ್ಡ್' ಚಿತ್ರದೊಂದಿಗೆ, ಆಕಾಶದ ಕಾಯಂ ಟಾಕೀಸು ಶುರುವಾಯಿತು. ನೋಡುವ ಭಾಗ್ಯ ಮೊದಲ ದರ್ಜೆಯವರಿಗೆ ಮಾತ್ರ. ನಮ್ಮ ಊರಿನ ಟೆಂಟುಗಳಲ್ಲಾದರೂ ನೆಲದ ಟಿಕೆಟಿನವರು ಪರದೆಗೆ ಎಲ್ಲರಿಗಿಂತ ಹತ್ತಿರ ಕೂರುತ್ತಿದ್ದರು!

ಎರಡು ವರ್ಷದಲ್ಲಿ, 1963ರಲ್ಲಿ, ಅವಿಡ್ ಎಂಬ ಕಂಪನಿ ಡಾಕ್ಟರರ ಸ್ಟೆತೊಸ್ಕೋಪಿನಂಥ ಸಾಧನವೊಂದನ್ನು ತಂದಿತು. ಅದರಲ್ಲಿ ವಿದ್ಯುತ್ತಿನ ತಂತಿಯಿಲ್ಲ. ಸೀಟಿನ ಕೈಯಲ್ಲಿದ್ದ ಪುಟ್ಟ ಸ್ಪೀಕರಿನ ಸದ್ದು ಟೊಳ್ಳು ಕೊಳವೆಯ ಮೂಲಕ ಕಿವಿಗೆ ಬರುತ್ತಿತ್ತು. ಅಗ್ಗದ್ದು, ಕದ್ದರೂ ಮನೆಯಲ್ಲಿ ಉಪಯೋಗಕ್ಕೆ ಬಾರದ್ದು. ಕಂಪನಿಗಳಿಗೆ ಇಷ್ಟವಾಗಲು ಇನ್ನೇನು ಬೇಕು?

ಆ ಕಾಲದಲ್ಲಿ ಅಂತಾರಾಷ್ಟ್ರೀಯ ವಿಮಾನಗಳ ಟಿಕೆಟ್ ದರವನ್ನು ಕಂಪನಿಗಳ ಒಕ್ಕೂಟವಾದ ಐಎಟಿಎ ನಿಗದಿ ಮಾಡುತ್ತಿತ್ತು. ದರದಲ್ಲಿ ಸ್ಪರ್ಧೆ ಇಲ್ಲ. ಹಾಗಾದರೆ ಗಿರಾಕಿಯನ್ನು ಸೆಳೆಯುವುದು ಹೇಗೆ? ತಟ್ಟೆಯಿಂದ. ಎಕಾನಮಿ ದರ್ಜೆಗೆ ಬರೀ ಸ್ಯಾಂಡ್‌ವಿಚ್ ಕೊಡಬೇಕೆಂದು ಒಕ್ಕೂಟ ಹೇಳಿದರೆ, 1958ರಲ್ಲಿ ಸ್ಕ್ಯಾಂಡಿನೇವಿಯಾದ ಎಸ್‌ಎಎಸ್ ಕಂಪನಿ ಒಂದು ಬ್ರೆಡ್ಡಿನ ಮೇಲೆ ಇಡೀ ಔತಣವನ್ನೇ ಹೇರಿ ಕೊಟ್ಟಿತು. ಪ್ಯಾನ್ ಆಮ್ ದೂರು ಹೇಳಿ, ದಂಡ ಹಾಕಿಸಿತು. ತಟ್ಟೆಯ ಮೇಲೆ ಇಷ್ಟು ಜಗಳವಾದ ಮೇಲೆ ಸಿನಿಮಾ ಬಿಟ್ಟಾರೆಯೇ? ಕೊನೆಗೆ ಸಿನಿಮಾ ಇರಲಿ, ಆದರೆ ಕಿವಿಗೆ ಹಾಕುವ ಕೊಳವೆಗೆ ಎರಡೂವರೆ ಡಾಲರ್ ವಸೂಲಿ ಮಾಡಿ ಎಂಬ ರಾಜಿ ಆಯಿತು. ದುಡ್ಡಿಲ್ಲದವನು ಲಂಡನ್ನಿನ ಮೂಕಿ ಚಿತ್ರದ ಕಾಲಕ್ಕೆ ಹಿಂತಿರುಗಬೇಕಿತ್ತು.

ಇದೇ ವರ್ಷಗಳಲ್ಲಿ ನಮ್ಮ ಕರಾವಳಿಯ ಹುಡುಗರು ಇನ್ನೊಂದು ಬಗೆಯ ಪ್ರಯಾಣ ಮಾಡುತ್ತಿದ್ದರು. ಭಟ್ಕಳ, ಉಡುಪಿ, ಮಂಗಳೂರಿನಿಂದ ಬಸ್ಸು ಹಿಡಿದು ಬೊಂಬಾಯಿಗೆ, ಅಲ್ಲಿಂದ ಹಡಗಿನಲ್ಲಿ ಕೊಲ್ಲಿಗೆ. ಬ್ರಿಟಿಷ್ ಇಂಡಿಯಾ ಕಂಪನಿಯ 'ದ್ವಾರಕಾ' ಹಡಗು 1982ರವರೆಗೂ ಈ ದಾರಿಯಲ್ಲಿ ಡೆಕ್ಕಿನ ಪ್ರಯಾಣಿಕರನ್ನು ಹೊತ್ತಿತು. ಬೊಂಬಾಯಿಯಿಂದ ಹಜ್ ಯಾತ್ರಿಕರ ಹಡಗು 1995ರವರೆಗೂ ಹೊರಡುತ್ತಿತ್ತು. ಡೆಕ್ಕಿನಲ್ಲಿ ಚಾಪೆ ಹಾಸಿ ಮಲಗಿದವನಿಗೆ ಮನರಂಜನೆ ಎಂದರೆ ಪಕ್ಕದ ಚಾಪೆಯವನು. ಅವನ ಊರು, ಅವನ ಸಾಲ, ತಂಗಿಯ ಮದುವೆ. ಬೇಸರ ಇರಲಿಲ್ಲವೆಂದಲ್ಲ, ಅದನ್ನು ಕಳೆಯುವುದು ಕಂಪನಿಯ ಜವಾಬ್ದಾರಿಯೆಂದು ಯಾರಿಗೂ ತೋಚಿರಲಿಲ್ಲ, ಅಷ್ಟೆ.

ಹೀಗಾಗಿ ಮುಂದೆ ನಡೆದದ್ದು ಸ್ವಾರಸ್ಯಕರ. 1985ರ ಅಕ್ಟೋಬರ್‌ನಲ್ಲಿ ಪಾಕಿಸ್ತಾನದ ಪಿಐಎಯಿಂದ ಬಾಡಿಗೆಗೆ ಪಡೆದ ವಿಮಾನಗಳೊಂದಿಗೆ ದುಬೈನ ಎಮಿರೇಟ್ಸ್ ಆರಂಭವಾಯಿತು. ಮೊದಲ ಹಾರಾಟ ಕರಾಚಿಗೆ; ಬೊಂಬಾಯಿ, ದೆಹಲಿಗಳೂ ಆರಂಭದ ಪಟ್ಟಿಯಲ್ಲೇ ಇದ್ದವು. 1988ರಲ್ಲಿ ಏರ್‌ವಿಷನ್ ಎಂಬ ಕಂಪನಿ ಅಮೆರಿಕದ ನಾರ್ತ್‌ವೆಸ್ಟ್ ಏರ್‌ಲೈನ್ಸಿನ ಜಂಬೋ ವಿಮಾನದಲ್ಲಿ ಸೀಟಿನ ಬೆನ್ನಿಗೆ 2.7 ಅಂಗುಲದ ಪರದೆಗಳನ್ನು ಹಾಕಿ ಪ್ರಯೋಗ ಮಾಡಿತು. ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದು. ನಾಲ್ಕೇ ವರ್ಷದಲ್ಲಿ, 1992ರಲ್ಲಿ, ಎಮಿರೇಟ್ಸ್ ತನ್ನ ವಿಮಾನಗಳ ಎಲ್ಲ ದರ್ಜೆಯ ಎಲ್ಲ ಸೀಟುಗಳಿಗೂ ಪರದೆ ಹಾಕಲು ಹೊರಟಿತು. ಮೂವತ್ತು ವರ್ಷ ಮುಂಚೆ ಮೊದಲ ದರ್ಜೆಯವನಿಗೆ ಮಾತ್ರವಿದ್ದದ್ದು ಈಗ ಮೇಸ್ತ್ರಿಗೂ ಡ್ರೈವರನಿಗೂ ಸಿಕ್ಕಿತು. ಅದು ಉಪಕಾರವಲ್ಲ, ವ್ಯಾಪಾರ. ಆದರೆ ಎರಡು ವರ್ಷ ಯಾರದೋ ಮನೆಯ ಟಿವಿಯನ್ನು ಬಾಗಿಲಾಚೆ ನಿಂತು ನೋಡಿದವನಿಗೆ, ತನ್ನದೇ ಬಟನ್ನು ಇರುವ ಪರದೆ ಎದುರಿಗೆ ಬಂದಾಗ ಏನನ್ನಿಸಿತು ಎಂಬುದನ್ನು ಯಾರೂ ಬರೆದಿಡಲಿಲ್ಲ. ನಮ್ಮ ಕಥೆಗಾರರೂ ಬರೆಯಲಿಲ್ಲ.

ಅವನು ಏನು ನೋಡುತ್ತಾನೆಂದು ಮಾತ್ರ ಗಮನಿಸಿದ್ದೇವೆ. ಎಷ್ಟೋ ಜನ ಸಿನಿಮಾ ನೋಡುವುದಿಲ್ಲ, ನಕ್ಷೆ ನೋಡುತ್ತಾರೆ. ಪುಟ್ಟ ವಿಮಾನವೊಂದು ನೀಲಿ ಸಮುದ್ರದ ಮೇಲೆ ಇರುವೆಯಂತೆ ಸರಿಯುವ ಆ ಚಿತ್ರ 1982ರಲ್ಲಿ 'ಏರ್‌ಶೋ' ಎಂಬ ಹೆಸರಿನಲ್ಲಿ ಬಂದದ್ದು. ಅದರಲ್ಲಿ ಕಥೆಯಿಲ್ಲ, ನಾಯಕಿಯಿಲ್ಲ. ಉಳಿದ ದೂರ, ಉಳಿದ ಹೊತ್ತು, ಹೊರಗಿನ ಚಳಿ ಇಷ್ಟೇ. ಆದರೂ ಮಸ್ಕತ್ ಹಿಂದೆ ಸರಿದು ಅರಬ್ಬಿ ಸಮುದ್ರ ಬಂದಾಗ ಪಕ್ಕದವರ ಮುಖದ ಮೇಲೆ ಕಾಣುವ ಬೆಳಕು ಯಾವ ಸಿನಿಮಾದಿಂದಲೂ ಬಾರದು. ಮುಸ್ಲಿಂ ದೇಶಗಳ ಕಂಪನಿಗಳು ಈ ನಕ್ಷೆಗೆ ಕಿಬ್ಲಾದ ಬಾಣವನ್ನೂ ಸೇರಿಸಿದವು. ವಿಮಾನ ತಿರುಗಿದಂತೆ ಬಾಣವೂ ತಿರುಗುತ್ತದೆ. ಸೌದಿಯಾ ವಿಮಾನಗಳಲ್ಲಿ ಹೊರಡುವ ಮುನ್ನ ಸಫರಿನ ದುಆ ಕೇಳಿಸುತ್ತದೆ. ಇವನ್ನೆಲ್ಲ ಮನರಂಜನೆಯ ಯಂತ್ರವೇ ಒದಗಿಸುವುದು. ಆದರೆ ಆ ದುಆ ಹೊರಡುವವನ ದಿಗಿಲನ್ನು ಬೇರೆಡೆಗೆ ತಿರುಗಿಸುವುದಿಲ್ಲ, ಅದನ್ನು ಎದುರಿಟ್ಟುಕೊಂಡೇ ಮಾತಾಡುತ್ತದೆ.

ಈಗ ಆ ನೈಟ್ರೇಟ್ ಫಿಲ್ಮಿನ ಮಾತಿಗೆ ಬರೋಣ. ತೊಂಬತ್ತರ ದಶಕದಲ್ಲಿ ಕಂಪನಿಗಳ ನಡುವೆ ಪರದೆಯ ಪೈಪೋಟಿ ಜೋರಾಯಿತು. ಸ್ವಿಟ್ಜರ್ಲೆಂಡಿನ ಸ್ವಿಸ್‌ಏರ್ ತನ್ನ ಎಂಡಿ–11 ವಿಮಾನಗಳಲ್ಲಿ ಬೇಕಾದ ಸಿನಿಮಾ ಆರಿಸುವ, ದುಡ್ಡು ಕಟ್ಟಿ ಜೂಜನ್ನೂ ಆಡಬಹುದಾದ ಹೊಸ ವ್ಯವಸ್ಥೆಯನ್ನು ಅಳವಡಿಸಿತು. 1998ರ ಸೆಪ್ಟೆಂಬರ್ 2ರ ರಾತ್ರಿ ನ್ಯೂಯಾರ್ಕಿನಿಂದ ಜಿನೀವಾಕ್ಕೆ ಹೊರಟ ಅದರ 111ನೇ ಸಂಖ್ಯೆಯ ವಿಮಾನದಲ್ಲಿ ಹೊಗೆ ಕಾಣಿಸಿತು. ಕೆನಡಾದ ನೋವಾ ಸ್ಕೋಷಿಯಾ ತೀರದ ಬಳಿ ಅದು ಸಮುದ್ರಕ್ಕೆ ಬಿದ್ದು ಒಳಗಿದ್ದ 229 ಜನರೂ ಸತ್ತರು. ಕೆನಡಾದ ತನಿಖಾ ಮಂಡಳಿ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಸಮುದ್ರದಿಂದೆತ್ತಿದ ಚೂರುಗಳನ್ನು ಜೋಡಿಸಿ 2003ರಲ್ಲಿ ವರದಿ ಕೊಟ್ಟಿತು. ಪೈಲಟುಗಳ ಕೋಣೆಯ ಬಳಿ, ಚಾವಣಿಯ ಮೇಲೆ, ತಂತಿಯಲ್ಲಿ ಕಿಡಿ ಹಾರಿ, ಸುಲಭವಾಗಿ ಹತ್ತಿಕೊಳ್ಳುವ ಹೊದಿಕೆಗೆ ಬೆಂಕಿ ತಗುಲಿತ್ತು. ಕಿಡಿಯ ಗುರುತು ಸಿಕ್ಕ ತಂತಿಗಳಲ್ಲಿ ಮನರಂಜನಾ ವ್ಯವಸ್ಥೆಯದೂ ಇತ್ತು. ಬೆಂಕಿಗೆ ಅದೊಂದೇ ಮೂಲವೆಂದು ಮಂಡಳಿ ಖಡಾಖಂಡಿತವಾಗಿ ಹೇಳಲಿಲ್ಲ. ಆದರೆ ಇನ್ನೊಂದು ವಿಷಯ ಹೊರಬಿತ್ತು. ಪ್ರಯಾಣಿಕರ ಭಾಗದ ವಿದ್ಯುತ್ತನ್ನು ಕಡಿಯಲು ಪೈಲಟ್ ಒತ್ತುವ ಸ್ವಿಚ್ಚಿಗೆ ಈ ವ್ಯವಸ್ಥೆಯನ್ನು ಸೇರಿಸಿರಲೇ ಇಲ್ಲ. ಬೇರೆಲ್ಲ ಆರಿದರೂ ಸಿನಿಮಾದ ತಂತಿಗೆ ವಿದ್ಯುತ್ ಹರಿಯುತ್ತಿತ್ತು. ಪ್ರಯಾಣಿಕ ಏನು ಬಯಸುತ್ತಾನೆ ಎಂದು ಕೇಳಿಕೊಂಡವರು, ಅದನ್ನು ಆರಿಸುವುದು ಹೇಗೆ ಎಂದು ಕೇಳಿಕೊಂಡಿರಲಿಲ್ಲ. ಸ್ವಿಸ್‌ಏರ್ ಆ ವ್ಯವಸ್ಥೆಯನ್ನು ಕೆಲವೇ ವಾರಗಳಲ್ಲಿ ನಿಲ್ಲಿಸಿತು.

ಪರದೆಯ ಮೇಲೆ ಏನು ಕಾಣಬಾರದು ಎಂಬುದೂ ಈ ಚರಿತ್ರೆಯ ಭಾಗವೇ. ಎಲ್ಲರಿಗೂ ಒಂದೇ ಪರದೆ ಇದ್ದ ಕಾಲದಲ್ಲಿ ಮಕ್ಕಳೂ ಮುದುಕರೂ ಒಂದನ್ನೇ ನೋಡಬೇಕಿತ್ತು, ಎದ್ದು ಹೊರಗೆ ಹೋಗುವಂತಿರಲಿಲ್ಲ. ಆದ್ದರಿಂದ ಕತ್ತರಿ ಹರಿತವಾಗಿತ್ತು. 1988ರ 'ರೇನ್ ಮ್ಯಾನ್' ಚಿತ್ರದಲ್ಲಿ ನಾಯಕನ ಅಣ್ಣ ಒಂದೊಂದು ಕಂಪನಿಯ ಅಪಘಾತಗಳನ್ನೂ ಒಪ್ಪಿಸುತ್ತ, ಕ್ವಾಂಟಸ್ ಬಿಟ್ಟು ಬೇರೆ ವಿಮಾನ ಹತ್ತುವುದಿಲ್ಲ ಎಂದು ಹಟ ಹಿಡಿಯುತ್ತಾನೆ. ಹಲವಾರು ಕಂಪನಿಗಳು ಆ ದೃಶ್ಯವನ್ನು ಕತ್ತರಿಸಿದವು. ಕ್ವಾಂಟಸ್ ಮಾತ್ರ ಸಂತೋಷದಿಂದ ತೋರಿಸಿತು. ಇಂಗ್ಲೆಂಡಿನ ರಾಣಿಯ ಕುರಿತ 'ದಿ ಕ್ವೀನ್' ಚಿತ್ರದ ವಿಮಾನದ ಪ್ರತಿಯಲ್ಲಂತೂ 2007ರಲ್ಲಿ ಇನ್ನೊಂದು ಬಗೆಯ ಫಜೀತಿ. ಬೈಗುಳ ಮತ್ತು ದೇವನಿಂದೆಯನ್ನು ತೆಗೆಯಬೇಕೆಂಬ ಸೂಚನೆ ಪಡೆದ ನೌಕರನೊಬ್ಬ, ದೇವರು ಎಂಬ ಪದ ಬಂದಲ್ಲೆಲ್ಲ ಬೀಪ್ ಸದ್ದು ಹಾಕಿಬಿಟ್ಟಿದ್ದ. ಹಾರೈಕೆಯ ಮಾತಿನಲ್ಲಿದ್ದ ದೇವರೂ ಬೀಪ್! ಧರ್ಮದ ಭಾವನೆಗೆ ನೋವಾಗದಿರಲೆಂದು ದೇವರನ್ನೇ ತೆಗೆದುಹಾಕಿದ ಈ ಶ್ರದ್ಧೆಯ ಮಾದರಿಗಳು ನೆಲದ ಮೇಲೂ ಸಾಕಷ್ಟಿವೆ.

ನಮ್ಮ ಕರ್ನಾಟಕವೂ ಈ ಕಥೆಯಲ್ಲಿದೆ, ಅದೂ ಎರಡು ತದ್ವಿರುದ್ಧ ತುದಿಗಳಲ್ಲಿ. 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಬೆಂಗಳೂರು–ಹುಬ್ಬಳ್ಳಿ ನಡುವೆ ಏರ್ ಡೆಕ್ಕನ್ ಹಾರಿಸಿದರು. ಪುಕ್ಕಟೆ ಊಟವಿಲ್ಲ, ಪರದೆಯಿಲ್ಲ. ಹವಾಯಿ ಚಪ್ಪಲಿಯವನೂ ಹಾರಬೇಕು ಎಂಬುದೊಂದೇ ಲೆಕ್ಕ. 2005ರಲ್ಲಿ ವಿಜಯ್ ಮಲ್ಯ ಅವರ ಕಿಂಗ್‌ಫಿಷರ್ ಬಂತು. ದೇಶದೊಳಗಿನ ಒಂದೂವರೆ ಗಂಟೆಯ ಹಾರಾಟಕ್ಕೂ ಪ್ರತಿ ಸೀಟಿಗೆ ಪರದೆ. 2007ರಲ್ಲಿ ಎರಡನೆಯದು ಮೊದಲನೆಯದನ್ನು ಕೊಂಡಿತು, 2012ರಲ್ಲಿ ಎರಡನ್ನೂ ಸೇರಿಸಿ ನೆಲಕ್ಕಿಳಿಯಿತು. ಮುಳುಗಿಸಿದ್ದು ಪರದೆಯಲ್ಲ, ಸಾಲ. ಸಂಬಳ ಸಿಗದ ನೌಕರರ ಕಥೆ ಬೇರೆಯೇ ಇದೆ. ಆದರೆ ಆಮೇಲೆ ದೇಶದ ಆಕಾಶವನ್ನು ಆಳಿದ್ದು ಪರದೆಯಿಲ್ಲದ ಇಂಡಿಗೊ. ಟಿಕೆಟ್ ಅಗ್ಗವಾದರೆ ಬೇಸರವನ್ನು ತಾನೇ ನೋಡಿಕೊಳ್ಳುತ್ತೇನೆ ಎಂದು ಪ್ರಯಾಣಿಕ ಒಪ್ಪಿಕೊಂಡ.

ನೋಡಿಕೊಳ್ಳುವ ಸಾಧನವೂ ಅವನ ಜೇಬಿಗೆ ಬಂತು. ಅಮೆರಿಕದ ಅಲಾಸ್ಕಾ ಏರ್‌ಲೈನ್ಸಿನಲ್ಲಿ ಪೆಟ್ಟಿಗೆ ಹೊರುತ್ತಿದ್ದ ಬಿಲ್ ಬೋಯರ್ ಎಂಬಾತ, ಕೈಯಲ್ಲಿ ಹಿಡಿಯುವ ಸಿನಿಮಾ ಪೆಟ್ಟಿಗೆಯೊಂದನ್ನು ಯೋಚಿಸಿದ. 2003ರಲ್ಲಿ ಅದೇ ಕಂಪನಿ ಅದನ್ನು ಬಾಡಿಗೆಗೆ ಕೊಡತೊಡಗಿತು. ಆಮೇಲೆ ಮೊಬೈಲೇ ಆ ಪೆಟ್ಟಿಗೆಯಾಯಿತು. 2017ರಲ್ಲಿ ಅಮೆರಿಕನ್ ಏರ್‌ಲೈನ್ಸ್ ತನ್ನ ಹೊಸ 737 ವಿಮಾನಗಳಿಗೆ ಪರದೆಯೇ ಬೇಡವೆಂದಿತು. ಪರದೆ ಎಂದರೆ ತೂಕ, ತೂಕವೆಂದರೆ ಇಂಧನ. 2021ರಲ್ಲಿ ಯುನೈಟೆಡ್ ತದ್ವಿರುದ್ಧ ಹೇಳಿ ಹೊಸ ವಿಮಾನಗಳ ಸೀಟು ಸೀಟಿಗೂ ಪರದೆ ಎಂದಿತು. ವಾದ ಇನ್ನೂ ಮುಗಿದಿಲ್ಲ.

ಪರದೆ ಇದ್ದಲ್ಲಿಯೂ ನಮ್ಮದೊಂದು ಹಳೆಯ ದೂರು ಉಳಿದೇ ಇದೆ. ಭಾಷೆಗಳ ಪಟ್ಟಿಯಲ್ಲಿ ಹಿಂದಿ, ತಮಿಳು, ಮಲಯಾಳಂ ಚಿತ್ರಗಳನ್ನು ದಾಟಿ ಬೆರಳು ಕೆಳಗಿಳಿಸುತ್ತ ಹೋದರೆ ಕನ್ನಡ ಒಂದೋ ಎರಡೋ, ಕೆಲವೊಮ್ಮೆ ಅದೂ ಇಲ್ಲ. ಕನ್ನಡಿಗರು ಕೇಳುವುದಿಲ್ಲ, ಆದ್ದರಿಂದ ಕೊಡುವುದಿಲ್ಲ ಎಂಬ ಉತ್ತರ ವಿಮಾನಕ್ಕೆ ಮಾತ್ರ ಸೀಮಿತವೂ ಅಲ್ಲ.

2006ರಲ್ಲಿ ಮಂಗಳೂರಿನಿಂದಲೇ ದುಬೈಗೆ ನೇರ ವಿಮಾನ ಆರಂಭವಾದ ಮೇಲೆ ಬೊಂಬಾಯಿಯ ಹಂಗು ತಪ್ಪಿತು. ಈಗ ಆ ದಾರಿಯ ಅಗ್ಗದ ವಿಮಾನದಲ್ಲಿ ಕೂತವರ ಎದುರಿಗೆ ಪರದೆಯಿಲ್ಲ, ಊಟದ ಹಲಗೆ ಮಾತ್ರ ಇದೆ. ಹುಡುಗರು ಮೊಬೈಲಿನಲ್ಲಿ ತುಂಬಿಕೊಂಡು ಬಂದ ಸಿನಿಮಾ ನೋಡುತ್ತಾರೆ. ಮಗನನ್ನು ನೋಡಲು ಮೊದಲ ಸಲ ಹೊರಟ ತಾಯಂದಿರು ತಸ್ಬೀಹ್ ಹಿಡಿದು ಕೂರುತ್ತಾರೆ. ನಕ್ಷೆ ಇಲ್ಲದ್ದರಿಂದ, ಹಾದುಹೋಗುವ ಗಗನಸಖಿಯ ಸೆರಗನ್ನೋ ತೋಳನ್ನೋ ಮೆಲ್ಲನೆ ಮುಟ್ಟಿ ಕೇಳುತ್ತಾರೆ: "ಮಗಳೇ, ಈಗ ಎಲ್ಲಿದ್ದೇವೆ?"