ನೆಟ್‌ವರ್ಕ್ ಅಳೆಯಲು ಯಾವ ಸೇರು?

ಅರಸೀಕೆರೆಯಲ್ಲಿ ಕೊಬ್ಬರಿ ಎಷ್ಟೆಂದು ಕೇಳಿದರೆ ಕ್ವಿಂಟಾಲಿನ ಲೆಕ್ಕದಲ್ಲಿ ಉತ್ತರ ಬರುತ್ತದೆ. ನೆಟ್‌ವರ್ಕ್ ಹೇಗಿದೆ ಎಂದು ಕೇಳಿ ನೋಡಿ: ‘ಜಗಲಿ ಮೇಲೆ ಸಿಗುತ್ತೆ, ಒಳಕ್ಕೆ ಹೋದ್ರೆ ಹೋಯ್ತು.’ ಸರ್ಕಾರದ ಯಾವ ಕೋಷ್ಟಕದಲ್ಲೂ ಈ ಜಗಲಿಗೆ ಜಾಗ ಸಿಕ್ಕಿಲ್ಲ.

ಮೊದಲು ಎಣಿಸಿದ್ದು ಫೋನುಗಳನ್ನು, ನೂರು ಜನಕ್ಕೆ ಎಷ್ಟು ಎಂದು. 1986ರಲ್ಲಿ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ತನ್ನ ಮೊದಲ ಗ್ರಾಮೀಣ ಎಕ್ಸ್‌ಚೇಂಜನ್ನು ನಮ್ಮ ಕಿತ್ತೂರಿನಲ್ಲಿ ಕೂರಿಸಿದಾಗ ಕೊರತೆಯಿದ್ದದ್ದೇ ತಂತಿಗೆ. ಆಗ ಆ ಲೆಕ್ಕ ಸರಿಯಾಗಿತ್ತು. 1999ರ ದೂರಸಂಪರ್ಕ ನೀತಿ ಹಳ್ಳಿಗಳ ದೂರವಾಣಿ ಸಾಂದ್ರತೆಯನ್ನು, ಅಂದರೆ ನೂರು ಜನಕ್ಕಿರುವ ಫೋನುಗಳನ್ನು, 0.4ರಿಂದ 2010ರೊಳಗೆ 4ಕ್ಕೆ ಏರಿಸುವ ಗುರಿ ಇಟ್ಟುಕೊಂಡಿತು. ಮೊಬೈಲ್ ಬಂದದ್ದೇ ಲೆಕ್ಕ ಹದಗೆಟ್ಟಿತು. ಒಂದೇ ಜೇಬಿನ ಎರಡು ಸಿಮ್ ಇಬ್ಬರಾದವು, ನಗರಗಳ ಸಾಂದ್ರತೆ ನೂರು ದಾಟಿತು. ಸಾಲದ್ದಕ್ಕೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ವರದಿಗಳಲ್ಲಿ ಇಡೀ ಕರ್ನಾಟಕ ಒಂದೇ ವಲಯ. ಬೆಂಗಳೂರಿನ ರಾಶಿಗೇ ಬೇಲೂರನ್ನೂ ಸುರಿದು ಅಳೆದರೆ ಬೇಲೂರು ಕಾಣುವುದು ಹೇಗೆ?

ವೇಗದ ಕತೆಯೂ ತಮಾಷೆಯದೇ. 2004ರಲ್ಲಿ 256 ಕೆಬಿಪಿಎಸ್ ಇದ್ದರೆ ಬ್ರಾಡ್‌ಬ್ಯಾಂಡ್. 2013ರಲ್ಲಿ ಅದು 512 ಆಯಿತು. 2023ರ ಜನವರಿಯಲ್ಲಿ 2 ಎಂಬಿಪಿಎಸ್. ಅಂದರೆ 512ರ ಸಂಪರ್ಕ ಡಿಸೆಂಬರಿನವರೆಗೆ ಬ್ರಾಡ್‌ಬ್ಯಾಂಡ್ ಆಗಿತ್ತು, ಮುಂದಿನ ತಿಂಗಳು ಹೆಸರು ಕಳೆದುಕೊಂಡಿತು!

ನನ್ನ ಮಟ್ಟಿಗೆ ನಿಜವಾದ ತಿರುವು ಮನೆಯೊಳಗೆ ಇಣುಕಿದ ಸಮೀಕ್ಷೆಗಳದು. 2011ರ ಜನಗಣತಿಯಲ್ಲಿ ಇಂಟರ್‌ನೆಟ್ ಇರುವ ಕಂಪ್ಯೂಟರ್ ಹೊಂದಿದ್ದ ಮನೆಗಳು ದೇಶದಲ್ಲಿ ನೂರಕ್ಕೆ ಮೂರು. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಹೊತ್ತಿಗೆ ಇಂಟರ್‌ನೆಟ್ ಸೌಲಭ್ಯವಿದ್ದ ಮನೆಗಳು ಹಳ್ಳಿಗಳಲ್ಲಿ ನೂರಕ್ಕೆ ಸುಮಾರು 15, ನಗರಗಳಲ್ಲಿ 42. ಆದರೆ ಮನೆಯಲ್ಲಿ ಫೋನಿದ್ದ ಮಾತ್ರಕ್ಕೆ ಅದು ಅಡುಗೆಮನೆಯವರೆಗೆ ಬರುವುದಿಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019-21) ಒಬ್ಬೊಬ್ಬರನ್ನೇ ಕೇಳಿತು: ಎಂದಾದರೂ ಇಂಟರ್‌ನೆಟ್ ಬಳಸಿದ್ದೀರಾ? ಕರ್ನಾಟಕದಲ್ಲಿ ಹೌದೆಂದ ಗಂಡಸರು ನೂರಕ್ಕೆ 62, ಹೆಂಗಸರು 35. ಟವರ್ ಎಣಿಸಿ ಈ ಅಂತರವನ್ನು ಕಾಣಲು ಸಾಧ್ಯವೇ ಇರಲಿಲ್ಲ.

ಹಣ ಹರಿದದ್ದು ಮಾತ್ರ ಟವರ್ ಮತ್ತು ಫೈಬರಿನ ಲೆಕ್ಕದ ಮೇಲೆಯೇ. ಸುಮಾರು ಎರಡೂವರೆ ಲಕ್ಷ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆ 2011ರಲ್ಲಿ ಹೊರಟಿತು. 2022ರಲ್ಲಿ 24,680 ಹಳ್ಳಿಗಳಿಗೆ 4ಜಿ ಒದಗಿಸಲು ಒಪ್ಪಿಗೆ ಸಿಕ್ಕಿತು. ಪಂಚಾಯಿತಿ ಕಚೇರಿಗೆ ಫೈಬರ್ ಬಂದರೆ ಪಂಚಾಯಿತಿ ಮುಗಿಯಿತು ಎಂದು ಲೆಕ್ಕ. ಕಚೇರಿಯಿಂದ ತೋಟದ ಮನೆಗಿರುವ ದೂರ ಯಾರ ಖಾತೆಗೂ ಸೇರಲಿಲ್ಲ. 2023ರ ಜನವರಿಯಿಂದ ಉದ್ಯೋಗ ಖಾತ್ರಿ ಹಾಜರಿ ಕೂಡ ಆ್ಯಪಿನ ಫೋಟೊ ಆದ ಮೇಲೆ ಆ ದೂರ ಕೂಲಿಯ ವಿಷಯವಾಯಿತು.

2024ರ ಟ್ರಾಯ್ ನಿಯಮದಂತೆ ಕಂಪನಿಗಳು ತಮ್ಮ ಸಿಗ್ನಲ್ ನಕ್ಷೆಯನ್ನು ಜಾಲತಾಣದಲ್ಲಿ ಪ್ರಕಟಿಸಬೇಕು. ಹಳೇಬೀಡು ಹೋಬಳಿಯವರು ಅದರಲ್ಲಿ ತಮ್ಮೂರನ್ನು ಹುಡುಕಲಿ. ಟ್ರಾಯ್‌ನದೇ ಮೈಸ್ಪೀಡ್ ಆ್ಯಪಿನಲ್ಲಿ ವೇಗ ಅಳೆದು ಕಳಿಸಲಿ, ಜಗಲಿಯ ಮೇಲೊಮ್ಮೆ, ಅಡುಗೆಮನೆಯಲ್ಲೊಮ್ಮೆ.